ಎರಡು ಡಿಸ್ಕ್ ಇದ್ರೆ ಸಾಕಾ? ಹರಿಹರದ ಒಂದು ಸ್ಟುಡಿಯೋ ಹೇಳಿದ ಪಾಠ

ಕಳೆದ ದೀಪಾವಳಿ ರಜೆಗೆ ಹರಿಹರಕ್ಕೆ ಹೋಗಿದ್ದೆ. ಬ್ಯಾಗ್ ಇಳಿಸೋದಕ್ಕೂ ಬಿಡದೆ ಸೋದರಮಾವ ಕರೆದರು. "ಬಾರಪ್ಪ ಇಂಜಿನಿಯರ್ರೇ, ನಿನ್ನ ಓದು ಉಪಯೋಗಕ್ಕೆ ಬರೋ ಟೈಮ್ ಬಂದೈತಿ."

ಮಾವನದು ಫೋಟೋ ಸ್ಟುಡಿಯೋ. ಸುಮಾರು ಹದಿನೈದು ವರ್ಷದ ಮದುವೆ, ನಾಮಕರಣ, ಗೃಹಪ್ರವೇಶದ ಫೋಟೋಗಳೆಲ್ಲ ಒಂದು ಪುಟ್ಟ ಪೆಟ್ಟಿಗೆಯಲ್ಲಿದ್ದವು. ಪೆಟ್ಟಿಗೆಯೊಳಗೆ 2 ಟಿಬಿಯ ಎರಡು ಹಾರ್ಡ್ ಡಿಸ್ಕ್. "ಎರಡರಲ್ಲೂ ಒಂದೇ ಡೇಟಾ ಇರುತ್ತೆ, ಒಂದು ಹೋದ್ರೆ ಇನ್ನೊಂದು ಇರುತ್ತೆ" ಅಂತ ಅಂಗಡಿಯವರು ಹೇಳಿ ಕೊಟ್ಟಿದ್ದರು. ಮಾವ ನೆಮ್ಮದಿಯಿಂದ ಇದ್ದರು.

ಒಂದು ದಿನ ಎರಡನೇ ಡಿಸ್ಕಿನ ಮುಂದೆ ಕೆಂಪು ದೀಪ ಹತ್ತಿತು. ರಿಪೇರಿಗೆ ಬಂದ ಹುಡುಗ ಆ ಡಿಸ್ಕನ್ನು ಕಿತ್ತು ಟೇಬಲ್ ಡ್ರಾದಲ್ಲಿ ಹಾಕಿ, ಹೊಸದನ್ನು ಜೋಡಿಸಿ, ರೀಬಿಲ್ಡ್ ಶುರು ಮಾಡಿ ಹೋದ. ರಾತ್ರಿ ಎಲ್ಲಾ ಓಡಿ, ಅರ್ಧ ದಾಟಿದ ಮೇಲೆ ರೀಬಿಲ್ಡ್ ನಿಂತೇ ಹೋಯಿತು. ಉಳಿದಿದ್ದ ಮೊದಲನೇ ಡಿಸ್ಕಿನಲ್ಲೂ ಓದೋಕೆ ಬಾರದ ಜಾಗಗಳಿದ್ದವು.

ಅದೇ ವಾರ ಒಬ್ಬ ಅಜ್ಜಿ ಬಂದಿದ್ದರಂತೆ. ಯಜಮಾನರು ತೀರಿಕೊಂಡು ಹತ್ತು ದಿನ ಆಗಿತ್ತು. ಮಗಳ ಮದುವೆಯಲ್ಲಿ ಪೇಟ ಸುತ್ತಿಕೊಂಡು ನಿಂತಿದ್ದ ಅವರ ಫೋಟೋ ದೊಡ್ಡದು ಮಾಡಿಸಿ ಫ್ರೇಮ್ ಹಾಕಿಸಬೇಕಿತ್ತು. ಮಾವ ಫೈಲ್ ತೆರೆದರೆ ಪೇಟದವರೆಗೆ ಮಾತ್ರ ಚಿತ್ರ. ಮುಖದಿಂದ ಕೆಳಗೆ ಬರೀ ಬೂದು ಬಣ್ಣ. "ನಾಳೆ ಬರ್ರಿ ಅಜ್ಜಿ" ಅಂತ ಕಳಿಸಿದ್ದರು. ಹಾಗೆ ಮೂರು ಸಲ ಕಳಿಸಿದ್ದರು.

"ಎರಡು ಡಿಸ್ಕ್ ಇಟ್ಟಿದ್ದೆ ಕಣೋ. ಎರಡಿದ್ರೂ ಹೆಂಗೆ ಹೋಯ್ತು?"

ಈ ಲೇಖನ ಮಾವನ ಆ ಪ್ರಶ್ನೆಗೆ ಉತ್ತರ. ಅವತ್ತು ನನಗೆ ಪೂರ್ತಿ ಗೊತ್ತಿರಲಿಲ್ಲ, ಆಮೇಲೆ ಓದಿ ತಿಳಿದುಕೊಂಡೆ.

ಮೊದಲು, ಮಿರರ್ ಅಂದ್ರೆ ಏನು?

ಹರಿಹರ ಅಂದ್ರೆ ಹರಿಹರೇಶ್ವರ ದೇವಸ್ಥಾನ. 1224ರಲ್ಲಿ, ಹೊಯ್ಸಳ ಇಮ್ಮಡಿ ನರಸಿಂಹನ ಕಾಲದಲ್ಲಿ, ಅವನ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು. ಒಳಗಿನ ಮೂರ್ತಿ ಅರ್ಧ ಹರ, ಅರ್ಧ ಹರಿ. ಎರಡು ಡಿಸ್ಕ್ ಅಂದ ತಕ್ಷಣ ನಮ್ಮೂರಿನವರಿಗೆ ಅದೇ ನೆನಪಾಗುತ್ತೆ. ಆದರೆ ಡೇಟಾ ವಿಷಯದಲ್ಲಿ ಆ ಜೋಡಣೆ ಮಿರರ್ ಅಲ್ಲ. ಅರ್ಧ ಇಲ್ಲಿ, ಅರ್ಧ ಅಲ್ಲಿ ಇಟ್ಟು ಎರಡೂ ಸೇರಿದಾಗ ಮಾತ್ರ ಪೂರ್ಣ ಆಗೋದನ್ನ ಸ್ಟ್ರೈಪಿಂಗ್ ಅಂತಾರೆ, ಅಂದರೆ ರೇಡ್ 0. ವೇಗ ಜಾಸ್ತಿ, ಆದರೆ ಒಂದು ಹೋದರೆ ಎರಡೂ ಹೋದ ಹಾಗೆ.

ಮಿರರ್ ಅಂದರೆ ಒಂದೇ ನೆಗೆಟಿವ್‌ನಿಂದ ತೆಗೆದ ಎರಡು ಪ್ರಿಂಟ್. ಬರೆಯುವಾಗ ಎರಡೂ ಡಿಸ್ಕಿಗೆ ಬರೆಯುತ್ತೆ, ಓದುವಾಗ ಯಾವುದಾದರೂ ಒಂದರಿಂದ ಓದುತ್ತೆ. ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ 1988ರ ತಮ್ಮ ಪ್ರಸಿದ್ಧ ಪೇಪರಿನಲ್ಲಿ ಇದಕ್ಕೆ ಕೊಟ್ಟ ನಂಬರ್ ರೇಡ್ 1. ಆಪರೇಟಿಂಗ್ ಸಿಸ್ಟಮ್ ಪರೀಕ್ಷೆಗೆ ನಾವೆಲ್ಲ ಬಾಯಿಪಾಠ ಮಾಡಿದ್ದು ಇಷ್ಟೇ. ಒಂದು ಸತ್ತರೆ ಇನ್ನೊಂದು ಬದುಕಿರುತ್ತೆ, ಎರಡು ಮಾರ್ಕ್ಸ್.

ಅದರಲ್ಲಿ ಒಂದು ಊಹೆ ಅಡಗಿದೆ. ಡಿಸ್ಕ್ ಒಂದೇ ಏಟಿಗೆ, ಎಲ್ಲರಿಗೂ ಗೊತ್ತಾಗೋ ಹಾಗೆ ಸಾಯುತ್ತೆ ಅನ್ನೋ ಊಹೆ. ನಿಜದಲ್ಲಿ ಹಾಗಾಗೋದು ಕಡಿಮೆ.

ಡಿಸ್ಕ್ ಕೆಡೋ ನಾಲ್ಕು ಬಗೆ

ಒಂದು, ಪೂರ್ತಿ ಸಾಯೋದು. ಮೋಟರ್ ತಿರುಗಲ್ಲ, ಬೋರ್ಡ್ ಸುಟ್ಟಿದೆ. ಇದು ಸುಲಭದ ಕೇಸ್. ಇದನ್ನ ಯಾವ ಮಿರರ್ ಆದರೂ ನಿಭಾಯಿಸುತ್ತೆ.

ಎರಡು, ಕೆಲವು ಸೆಕ್ಟರ್ ಮಾತ್ರ ಓದೋಕೆ ಬಾರದಿರೋದು. ಉಳಿದಿದ್ದೆಲ್ಲ ಸರಿ ಇರುತ್ತೆ. ಆ ಜಾಗ ಕೇಳಿದಾಗ ಮಾತ್ರ "ಆಗಲ್ಲ" ಅನ್ನುತ್ತೆ. ಯಾರೂ ಆ ಫೈಲ್ ತೆರೆಯದಿದ್ದರೆ ವರ್ಷಗಟ್ಟಲೆ ಗೊತ್ತೇ ಆಗಲ್ಲ. ಮಾವನ ಮೊದಲನೇ ಡಿಸ್ಕಿಗೆ ಆಗಿದ್ದು ಇದು.

ಮೂರು, ನಿಧಾನ ಆಗೋದು. ಸಾಮಾನ್ಯ ಡೆಸ್ಕ್‌ಟಾಪ್ ಡಿಸ್ಕ್ ಒಂದು ಕೆಟ್ಟ ಸೆಕ್ಟರನ್ನು ಓದಲೇಬೇಕು ಅಂತ ಹಟ ಹಿಡಿದು ಮತ್ತೆ ಮತ್ತೆ ಪ್ರಯತ್ನ ಮಾಡುತ್ತೆ, ನಿಮಿಷಗಟ್ಟಲೆ ಮಾಡಿದರೂ ಮಾಡಿತು. ಲಿನಕ್ಸ್ ಸಾಮಾನ್ಯವಾಗಿ 30 ಸೆಕೆಂಡ್ ಕಾದು ಸಂಪರ್ಕವನ್ನೇ ರೀಸೆಟ್ ಮಾಡುತ್ತೆ. ಸರ್ವರಿಗೆ ಅಂತ ಮಾಡಿದ ಡಿಸ್ಕುಗಳು ಹೀಗೆ ಹಟ ಮಾಡಲ್ಲ. ಸಾಧಾರಣವಾಗಿ 7 ಸೆಕೆಂಡಿಗೆ "ನನ್ನಿಂದಾಗಲ್ಲ, ಇನ್ನೊಬ್ಬನನ್ನ ಕೇಳು" ಅಂತ ಕೈ ಎತ್ತುತ್ತವೆ. ಮಿರರ್‌ನಲ್ಲಿ ಬೇಗ ಸೋಲು ಒಪ್ಪಿಕೊಳ್ಳೋ ಡಿಸ್ಕೇ ಒಳ್ಳೆಯದು, ಯಾಕಂದ್ರೆ ಪಕ್ಕದಲ್ಲೇ ಇನ್ನೊಂದು ಪ್ರತಿ ಇದೆ.

ನಾಲ್ಕು, ಸುಳ್ಳು ಹೇಳೋದು. ಡಿಸ್ಕ್ ಎರರ್ ಕೊಡಲ್ಲ, ಧೈರ್ಯವಾಗಿ ತಪ್ಪು ಡೇಟಾ ಕೊಡುತ್ತೆ. ಬರೆಯಬೇಕಾದ ಜಾಗ ಬಿಟ್ಟು ಬೇರೆ ಕಡೆ ಬರೆದಿರಬಹುದು. ಬರೆದೆ ಅಂತ ಹೇಳಿ ಬರೆಯದೇ ಇರಬಹುದು. ಫರ್ಮ್‌ವೇರ್ ತಪ್ಪಿನಿಂದ ದಾರಿಯಲ್ಲೇ ಬಿಟ್ ಬದಲಾಗಿರಬಹುದು.

ನಾಲ್ಕನೆಯದು ಅಪರೂಪ ಅಂತ ಅನ್ನಿಸಬಹುದು. ನೆಟ್‌ಆ್ಯಪ್ ಕಂಪನಿಯ ಸಿಸ್ಟಮ್‌ಗಳಲ್ಲಿದ್ದ 15.3 ಲಕ್ಷ ಡಿಸ್ಕುಗಳನ್ನು 41 ತಿಂಗಳು ಗಮನಿಸಿದ ಒಂದು ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಸಿಕ್ಕ ಚೆಕ್‌ಸಮ್ ತಪ್ಪುಗಳು 4 ಲಕ್ಷಕ್ಕೂ ಹೆಚ್ಚು. ಅಗ್ಗದ ಡಿಸ್ಕುಗಳಲ್ಲಿ ಇದು ದುಬಾರಿ ಡಿಸ್ಕುಗಳಿಗಿಂತ ಹತ್ತು ಪಟ್ಟಿನಷ್ಟು ಹೆಚ್ಚು ಕಂಡಿತು. ನಮ್ಮ ನಿಮ್ಮ ಹತ್ತಿರ ಇರೋದು ಅಗ್ಗದವೇ ಅಲ್ವಾ?

"ಸ್ಮಾರ್ಟ್ ರಿಪೋರ್ಟ್ ನೋಡ್ತಾ ಇದ್ರೆ ಮೊದಲೇ ಗೊತ್ತಾಗುತ್ತೆ" ಅನ್ನೋರೂ ಇದ್ದಾರೆ. ಗೂಗಲ್ 2007ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಲೆಕ್ಕ ಕೊಟ್ಟಿತ್ತು. ಮೊದಲ ಸ್ಕ್ಯಾನ್ ಎರರ್ ಬಂದ ಡಿಸ್ಕ್, ಬರದ ಡಿಸ್ಕಿಗಿಂತ ಮುಂದಿನ 60 ದಿನದಲ್ಲಿ ಕೆಡೋ ಸಾಧ್ಯತೆ 39 ಪಟ್ಟು ಹೆಚ್ಚು. ಅಂದರೆ ಎಚ್ಚರಿಕೆ ಬಂದರೆ ನಂಬಲೇಬೇಕು. ಆದರೆ ಕೆಟ್ಟ ಡಿಸ್ಕುಗಳಲ್ಲಿ 56%ಕ್ಕಿಂತ ಹೆಚ್ಚು ಡಿಸ್ಕುಗಳು ಮುಖ್ಯವಾದ ನಾಲ್ಕು ಸ್ಮಾರ್ಟ್ ಸೂಚನೆಗಳಲ್ಲಿ ಒಂದನ್ನೂ ಕೊಡದೆ ಹೋದವು. ಎಚ್ಚರಿಕೆ ಬರಲಿಲ್ಲ ಅಂದ ಮಾತ್ರಕ್ಕೆ ಡಿಸ್ಕ್ ಚೆನ್ನಾಗಿದೆ ಅಂತ ಅಲ್ಲ.

ಮಾಮೂಲಿ ಮಿರರ್ ಸೋಲೋದು ಎಲ್ಲಿ?

ಎರಡನೇ ಬಗೆಯ ತೊಂದರೆಯನ್ನು ಮಾಮೂಲಿ ಮಿರರ್ ಕೂಡ ನಿಭಾಯಿಸುತ್ತೆ. ಲಿನಕ್ಸ್‌ನ ಎಂಡಿ ರೇಡ್ ತಗೊಳ್ಳಿ. ಒಂದು ಡಿಸ್ಕ್ "ಓದೋಕಾಗ್ಲಿಲ್ಲ" ಅಂದರೆ ಇನ್ನೊಂದರಿಂದ ಓದಿ ನಿಮಗೆ ಕೊಟ್ಟು, ಕೆಟ್ಟ ಜಾಗಕ್ಕೆ ಸರಿಯಾದ ಡೇಟಾ ಮತ್ತೆ ಬರೆಯುತ್ತೆ. ಬಹಳ ಸಲ ಡಿಸ್ಕ್ ಆಗ ತನ್ನ ಮೀಸಲು ಸೆಕ್ಟರನ್ನು ಆ ಜಾಗಕ್ಕೆ ಕೊಟ್ಟುಕೊಂಡು ಸರಿಹೋಗುತ್ತೆ.

ನಾಲ್ಕನೇ ಬಗೆಯಲ್ಲಿ ಕೈಕಟ್ಟಿ ಹೋಗುತ್ತೆ. ಎರಡು ಪ್ರತಿ ಇವೆ, ಎರಡೂ ಬೇರೆ ಬೇರೆ ಹೇಳುತ್ತಿವೆ, ಎರಡೂ "ನಾನು ಸರಿ" ಅನ್ನುತ್ತಿವೆ. ಮೂರನೇ ಸಾಕ್ಷಿ ಇಲ್ಲ. ಎಂಡಿಗೆ ಚೆಕ್ ಮಾಡು ಅಂದರೆ ಎಷ್ಟು ಕಡೆ ಹೊಂದಿಕೆ ಆಗ್ತಿಲ್ಲ ಅಂತ ಲೆಕ್ಕ ಕೊಡುತ್ತೆ. ರಿಪೇರಿ ಮಾಡು ಅಂದರೆ ಒಂದು ಪ್ರತಿಯನ್ನು ಇಟ್ಟುಕೊಂಡು ಅದನ್ನೇ ಇನ್ನೊಂದರ ಮೇಲೆ ಬರೆದುಬಿಡುತ್ತೆ. ಇಟ್ಟುಕೊಂಡಿದ್ದು ಕೆಟ್ಟಿದ್ದಾದರೆ ಒಳ್ಳೇದೂ ಹೋಯಿತು. ಆಮೇಲೆ ಎರಡೂ ಪ್ರತಿ ಒಂದೇ ಸುಳ್ಳು ಹೇಳುತ್ತವೆ.

ಹಾಗಾಗಿ ಎರಡು ಪ್ರತಿ ಇದ್ದರೆ ಸಾಲದು, ಯಾವುದು ಸರಿ ಅಂತ ಹೇಳಬಲ್ಲವರು ಬೇಕು.

ತೂಕದ ಚೀಟಿ ಎಲ್ಲಿಡಬೇಕು?

ಇಲ್ಲೇ ಝೆಡ್‌ಎಫ್‌ಎಸ್ ಮತ್ತು ಬಿಟಿಆರ್‌ಎಫ್‌ಎಸ್ ಬರೋದು. ಝೆಡ್‌ಎಫ್‌ಎಸ್ ಅನ್ನು ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿ ಜೆಫ್ ಬಾನ್‌ವಿಕ್ ಮತ್ತವರ ಗೆಳೆಯರು ಕಟ್ಟಿದರು. 2005ರಲ್ಲಿ ಅದರ ಸೋರ್ಸ್ ಕೋಡ್ ಎಲ್ಲರಿಗೂ ಸಿಕ್ಕಿತು. ಬಿಟಿಆರ್‌ಎಫ್‌ಎಸ್ ಅನ್ನು ಆರಕಲ್‌ನಲ್ಲಿದ್ದ ಕ್ರಿಸ್ ಮೇಸನ್ 2007ರಲ್ಲಿ ಶುರು ಮಾಡಿದರು, 2009ರಲ್ಲಿ ಅದು ಲಿನಕ್ಸ್ ಕರ್ನಲ್ ಸೇರಿತು. ಇದನ್ನ ತುಂಬಾ ಜನ "ಬಟರ್ ಎಫ್‌ಎಸ್" ಅಂತಲೇ ಕರೆಯೋದು. ದಾವಣಗೆರೆಯವರಿಗೆ ಹೆಸರು ನೆನಪಿಡೋಕೆ ಬೇರೆ ಏನೂ ಬೇಡ, ಬೆಣ್ಣೆ ದೋಸೆ ಥರ ಬೆಣ್ಣೆ ಎಫ್‌ಎಸ್!

ಇವೆರಡೂ ಪ್ರತಿ ಬ್ಲಾಕ್ ಬರೆಯುವಾಗ ಅದರ ಚೆಕ್‌ಸಮ್ ಲೆಕ್ಕ ಹಾಕಿ ಇಟ್ಟುಕೊಳ್ಳುತ್ತವೆ. ಓದುವಾಗ ಮತ್ತೆ ಲೆಕ್ಕ ಹಾಕಿ ಹೋಲಿಸುತ್ತವೆ. ಹೊಂದಲಿಲ್ಲವಾ, ಇನ್ನೊಂದು ಡಿಸ್ಕಿನ ಪ್ರತಿ ತೆಗೆದು ನೋಡುತ್ತವೆ. ಅದು ಹೊಂದಿದರೆ ಅದನ್ನು ನಿಮಗೆ ಕೊಟ್ಟು, ಕೆಟ್ಟ ಪ್ರತಿಯ ಮೇಲೆ ಒಳ್ಳೇದನ್ನ ಬರೆದು, "ಈ ಡಿಸ್ಕಿನಲ್ಲಿ ಒಂದು ತಪ್ಪು" ಅಂತ ಲೆಕ್ಕಕ್ಕೆ ಸೇರಿಸುತ್ತವೆ. ನೀವು ಫೋಟೋ ತೆರೆದಿರಿ, ಫೋಟೋ ಬಂತು. ಒಳಗೆ ಏನಾಯ್ತು ಅಂತ ನಿಮಗೆ ಗೊತ್ತೂ ಆಗಲ್ಲ.

ಈ ಚೆಕ್‌ಸಮ್ ಎಲ್ಲಿ ಇಡ್ತಾರೆ ಅನ್ನೋದರಲ್ಲಿ ಒಂದು ಜಾಣತನ ಇದೆ. ನಮ್ಮ ಎಪಿಎಂಸಿಗೆ ಬರೋ ಮೆಕ್ಕೆಜೋಳದ ಚೀಲ ಊಹಿಸಿಕೊಳ್ಳಿ. ತೂಕದ ಚೀಟಿಯನ್ನ ಚೀಲದೊಳಗೇ ಹಾಕಿ ಹೊಲಿದರೆ, ಯಾರಾದರೂ ಒಂದಿಷ್ಟು ಕಾಳು ತೆಗೆದರೆ ಗೊತ್ತಾಗುತ್ತೆ. ಆದರೆ ಈ ವರ್ಷದ ಚೀಲದ ಬದಲು ಹೋದ ವರ್ಷದ ಚೀಲವನ್ನೇ ಅಲ್ಲಿ ಬಿಟ್ಟಿದ್ದರೆ? ಹಳೇ ಚೀಲ, ಹಳೇ ಚೀಟಿ, ತೂಕ ಸರಿಯಾಗೇ ಹೊಂದುತ್ತೆ. ಮೋಸ ಗೊತ್ತಾಗಬೇಕಾದರೆ ತೂಕ ಅಂಗಡಿಯ ಖಾತೆ ಪುಸ್ತಕದಲ್ಲೂ ಇರಬೇಕು.

"ಬರೆದೆ ಅಂತ ಹೇಳಿ ಬರೆಯದ" ಡಿಸ್ಕ್ ಮಾಡೋದು ಇದೇ, ಹಳೇ ಚೀಲ ಹಳೇ ಚೀಟಿ. ಅದಕ್ಕೇ ಝೆಡ್‌ಎಫ್‌ಎಸ್ ಒಂದು ಬ್ಲಾಕಿನ ಚೆಕ್‌ಸಮ್ಮನ್ನು ಆ ಬ್ಲಾಕಿನ ಪಕ್ಕ ಇಡಲ್ಲ, ಅದನ್ನು ತೋರಿಸುವ ಮೇಲಿನ ಬ್ಲಾಕಿನಲ್ಲಿ ಇಡುತ್ತೆ. ಆ ಮೇಲಿನ ಬ್ಲಾಕಿನ ಚೆಕ್‌ಸಮ್ ಅದಕ್ಕೂ ಮೇಲಿನದರಲ್ಲಿ. ಹೀಗೆ ಬೇರಿನವರೆಗೆ. ಡೇಟಾ ಸ್ಟ್ರಕ್ಚರ್ಸ್ ಕ್ಲಾಸಿನ ಟ್ರೀ ನೆನಪಿದೆಯಾ? ಅದೇ. ಬೆಣ್ಣೆ ಎಫ್‌ಎಸ್ ಡೇಟಾದ ಚೆಕ್‌ಸಮ್‌ಗಳಿಗೆ ಬೇರೆಯೇ ಒಂದು ಟ್ರೀ ಇಡುತ್ತೆ. ತನ್ನ ಮೆಟಾಡೇಟಾದ ಪ್ರತಿ ಬ್ಲಾಕಿಗೂ ಒಂದು ತಲೆಮಾರಿನ ನಂಬರ್ ಕೊಟ್ಟು, ಹಳೇದು ಬಂದರೆ ಅದರಿಂದ ಗುರುತಿಸುತ್ತೆ.

ಓದದ ಫೈಲಿನ ಗತಿ ಏನು?

ಓದಿದಾಗ ಮಾತ್ರ ತಪ್ಪು ಸಿಗುತ್ತೆ ಅಂದರೆ ಓದದೇ ಇರೋ ಫೈಲು? ಮಾವನ ಪೆಟ್ಟಿಗೆಯಲ್ಲಿ ಬಹುಪಾಲು ಫೋಟೋಗಳನ್ನು ಆಲ್ಬಮ್ ಕೊಟ್ಟ ಮೇಲೆ ಯಾರೂ ತೆರೆದಿಲ್ಲ. ಅಷ್ಟು ವರ್ಷ ಒಂದು ಪ್ರತಿ ಕೆಟ್ಟು ಕೂತಿದ್ದರೆ, ಹೆಸರಿಗೆ ಮಿರರ್, ನಿಜಕ್ಕೆ ಒಂದೇ ಪ್ರತಿ.

ಅದಕ್ಕೆ ಇರೋದು ಸ್ಕ್ರಬ್. ಫೈಲ್‌ಸಿಸ್ಟಮ್ ಎಲ್ಲಾ ಬ್ಲಾಕುಗಳ ಎಲ್ಲಾ ಪ್ರತಿಗಳನ್ನೂ ಓದಿ, ಚೆಕ್‌ಸಮ್ ನೋಡಿ, ಕೆಟ್ಟಿದ್ದನ್ನು ಪಕ್ಕದ ಪ್ರತಿಯಿಂದ ಸರಿಮಾಡುತ್ತೆ. ತಿಂಗಳಿಗೊಮ್ಮೆ ಸಾಕು, ರಾತ್ರಿ ಬಿಟ್ಟು ಮಲಗಬಹುದು. ಎರಡೂ ಡಿಸ್ಕಿನ ಒಂದೇ ಜಾಗ ಕೆಡೋ ಮುಂಚೆ ಮೊದಲನೆಯದನ್ನ ಸರಿಮಾಡೋದೇ ಇದರ ಉದ್ದೇಶ. ಸ್ಕ್ರಬ್ ಮಾಡದ ಮಿರರ್ ಅಂದ್ರೆ ಸ್ಟೆಪ್ನಿಗೆ ಗಾಳಿ ಇದೆಯಾ ಅಂತ ನೋಡದೇ ಲಾಂಗ್ ಟ್ರಿಪ್ ಹೋದ ಹಾಗೆ.

ಮುಗಿದ ಮೇಲೆ ಲೆಕ್ಕ ನೋಡಿ. ಝೆಡ್‌ಎಫ್‌ಎಸ್‌ನಲ್ಲಿ ಝೆಡ್‌ಪೂಲ್ ಸ್ಟೇಟಸ್ ಅಂದರೆ ಪ್ರತಿ ಡಿಸ್ಕಿನ ಮುಂದೆ ಓದೋ ತಪ್ಪು, ಬರೆಯೋ ತಪ್ಪು, ಚೆಕ್‌ಸಮ್ ತಪ್ಪು ಅಂತ ಮೂರು ಕಾಲಮ್ ಬರುತ್ತೆ. ಒಂದು ಡಿಸ್ಕಿನ ಸಂಖ್ಯೆ ಮಾತ್ರ ಪ್ರತಿ ತಿಂಗಳು ಏರ್ತಾ ಇದ್ದರೆ ಹೊಸ ಡಿಸ್ಕ್ ತರೋಕೆ ಹೊರಡಿ. ತಪ್ಪುಗಳು ತೀರಾ ಜಾಸ್ತಿ ಆದರೆ ಝೆಡ್‌ಎಫ್‌ಎಸ್ ಆ ಡಿಸ್ಕನ್ನು ತಾನೇ ಪಕ್ಕಕ್ಕಿಡುತ್ತೆ. ಬೆಣ್ಣೆ ಎಫ್‌ಎಸ್ ಹಾಗೆ ಹೊರಗೆ ಹಾಕಲ್ಲ, ತಪ್ಪು ಎಣಿಸ್ತಾ ಸಹಿಸಿಕೊಂಡು ಹೋಗುತ್ತೆ. ಅದಕ್ಕೇ ಅದರ ಲೆಕ್ಕವನ್ನು ನೀವೇ ನೋಡ್ತಿರಬೇಕು.

ರೋಗಿ ಡಿಸ್ಕನ್ನ ಅವಸರಕ್ಕೆ ಕೀಳಬೇಡಿ

ಮಾವನ ಸ್ಟುಡಿಯೋದಲ್ಲಿ ನಡೆದ ನಿಜವಾದ ತಪ್ಪು ಇದು.

ಕೆಂಪು ದೀಪ ಹತ್ತಿದ ಡಿಸ್ಕ್ ಸತ್ತಿರಲಿಲ್ಲ, ಅದರಲ್ಲಿ ಕೆಲವು ಸೆಕ್ಟರ್ ಮಾತ್ರ ಹೋಗಿದ್ದವು. ಮೊದಲನೇ ಡಿಸ್ಕಿನಲ್ಲೂ ಕೆಲವು ಹೋಗಿದ್ದವು, ಆದರೆ ಬೇರೆ ಜಾಗದಲ್ಲಿ. ಇಬ್ಬರೂ ರೋಗಿಗಳೇ. ಆದರೆ ಇಬ್ಬರನ್ನೂ ಸೇರಿಸಿದರೆ ಡೇಟಾ ಹೆಚ್ಚುಕಡಿಮೆ ಪೂರ್ತಿ ಇತ್ತು. ಒಂದನ್ನು ಕಿತ್ತ ಕ್ಷಣದಲ್ಲಿ ಇನ್ನೊಂದರ ಕೆಟ್ಟ ಜಾಗಗಳಿಗೆ ಆಸರೆ ಇಲ್ಲದಂತಾಯಿತು.

ಲೆಕ್ಕ ನೋಡಿ. ಸಾಮಾನ್ಯ ಡಿಸ್ಕಿನ ಡೇಟಾಶೀಟ್‌ನಲ್ಲಿ 10ರ ಘಾತ 14 ಬಿಟ್ ಓದಿದರೆ ಹೆಚ್ಚೆಂದರೆ ಒಂದು ಓದಲಾಗದ ತಪ್ಪು ಅಂತ ಬರೆದಿರುತ್ತೆ. ಅಂದರೆ 12.5 ಟಿಬಿಗೆ ಒಂದು. 2 ಟಿಬಿ ಅಂದರೆ 1.6 ಗುಣಿಸು 10ರ ಘಾತ 13 ಬಿಟ್. ಈ ಮಿತಿಯನ್ನೇ ಸರಾಸರಿ ಅಂತ ಹಿಡಿದರೆ, ಉಳಿದ ಡಿಸ್ಕನ್ನು ಪೂರ್ತಿ ಓದುವಾಗ ಒಂದಾದರೂ ತಪ್ಪು ಸಿಗೋ ಸಂಭವ ಸುಮಾರು 15%. ಒಳ್ಳೇ ಡಿಸ್ಕುಗಳು ಇದಕ್ಕಿಂತ ಚೆನ್ನಾಗೇ ನಡೆದುಕೊಳ್ಳುತ್ತವೆ, ಆದರೆ ವಯಸ್ಸಾದ ಡಿಸ್ಕಿನ ಮೇಲೆ ಅಷ್ಟು ಭರವಸೆ ಇಡೋಕಾಗಲ್ಲ. ಅದರಲ್ಲೂ ಒಂದೇ ಅಂಗಡಿ, ಒಂದೇ ದಿನ, ಒಂದೇ ಬ್ಯಾಚಿನ ಜೋಡಿ ಡಿಸ್ಕ್ ಅಂದರೆ ಇಬ್ಬರಿಗೂ ಒಂದೇ ವಯಸ್ಸು, ಒಂದೇ ದುಡಿಮೆ.

ಸರಿಯಾದ ಕ್ರಮ ಹೀಗೆ. ರೋಗಿ ಡಿಸ್ಕ್ ತಿರುಗ್ತಾ ಇದ್ದರೆ ಅದನ್ನು ಇದ್ದಲ್ಲೇ ಬಿಡಿ. ಹೊಸ ಡಿಸ್ಕನ್ನು ಮೂರನೆಯದಾಗಿ ಜೋಡಿಸಿ. ಆಮೇಲೆ ರಿಪ್ಲೇಸ್ ಆಜ್ಞೆ ಕೊಡಿ. ಆಗ ಫೈಲ್‌ಸಿಸ್ಟಮ್ ಒಂದು ಬ್ಲಾಕ್ ಇಲ್ಲಿ ಸಿಗದಿದ್ದರೆ ಅಲ್ಲಿಂದ ತರುತ್ತೆ, ಪ್ರತಿಯೊಂದನ್ನೂ ಚೆಕ್‌ಸಮ್ಮಿಗೆ ಹೋಲಿಸಿಯೇ ಹೊಸದಕ್ಕೆ ಹಾಕುತ್ತೆ. ರೋಗಿ ಡಿಸ್ಕ್ ತುಂಬಾ ನಿಧಾನ ಆಗಿದ್ದರೆ, ಬೇರೆ ದಾರಿ ಇಲ್ಲದಾಗ ಮಾತ್ರ ಅದನ್ನು ಓದು ಅಂತ ಬೆಣ್ಣೆ ಎಫ್‌ಎಸ್‌ಗೆ ಹೇಳೋ ಆಯ್ಕೆಯೂ ಇದೆ. ಎಲ್ಲಾ ಮುಗಿದ ಮೇಲೆ ಹಳೇದನ್ನ ತೆಗೆಯಿರಿ.

ಈ ಕೆಲಸಕ್ಕೆ ಝೆಡ್‌ಎಫ್‌ಎಸ್‌ನವರು ಇಟ್ಟ ಹೆಸರು ರೀಸಿಲ್ವರ್. ಹಳೇ ಕನ್ನಡಿಯ ಹಿಂದೆ ಮತ್ತೆ ಬೆಳ್ಳಿಯ ಲೇಪ ಕೊಡೋದು ಅಂತ ಅರ್ಥ. ಮಾಮೂಲಿ ರೇಡ್ ಪೆಟ್ಟಿಗೆಗೆ ಯಾವ ಸೆಕ್ಟರಿನಲ್ಲಿ ಫೈಲ್ ಇದೆ, ಯಾವುದು ಖಾಲಿ ಅಂತ ಗೊತ್ತಿರಲ್ಲ, ಪೂರ್ತಿ ಡಿಸ್ಕ್ ನಕಲು ಮಾಡುತ್ತೆ. ಇವು ಫೈಲ್‌ಸಿಸ್ಟಮ್ಮೇ ಆದ್ದರಿಂದ ತುಂಬಿರೋ ಜಾಗ ಮಾತ್ರ ನಕಲು ಮಾಡುತ್ತವೆ. ಇನ್ನೂ ಮುಖ್ಯವಾದದ್ದು, ಯಾವುದೋ ಬ್ಲಾಕ್ ಎರಡೂ ಕಡೆ ಹೋಗಿದ್ದರೆ ಮಾವನ ಪೆಟ್ಟಿಗೆ ಥರ ಅರ್ಧಕ್ಕೆ ಕೈಬಿಡಲ್ಲ. ಕೆಲಸ ಮುಂದುವರಿಸಿ, ಹೋಗಿರೋ ಫೈಲಿನ ಹೆಸರು ಹೇಳುತ್ತವೆ. ಲಕ್ಷ ಫೋಟೋದಲ್ಲಿ ಮೂರು ಹೋಗಿವೆ ಅಂತ ಹೆಸರು ಸಮೇತ ಗೊತ್ತಾಗೋದಕ್ಕೂ, ಏನೇನು ಹೋಗಿದೆಯೋ ಗೊತ್ತಿಲ್ಲ ಅನ್ನೋದಕ್ಕೂ ಬಹಳ ವ್ಯತ್ಯಾಸ ಇದೆ.

ಅಜ್ಜಿಯ ಫೋಟೋ

ಡ್ರಾದಲ್ಲಿದ್ದ ಡಿಸ್ಕನ್ನು ಮಾವ ಗುಜರಿಗೆ ಹಾಕಿರಲಿಲ್ಲ, ಅದೇ ಪುಣ್ಯ. 4 ಟಿಬಿಯ ಒಂದು ಡಿಸ್ಕ್ ತಂದು, ಜಿಎನ್‌ಯು ಡಿಡಿರೆಸ್ಕ್ಯೂ ಅನ್ನೋ ಟೂಲ್‌ನಿಂದ ಎರಡೂ ಹಳೇ ಡಿಸ್ಕುಗಳ ಪೂರ್ತಿ ಇಮೇಜ್ ತೆಗೆದೆ. ಅದು ಮೊದಲು ಸುಲಭವಾಗಿ ಬರೋದನ್ನೆಲ್ಲ ಎತ್ತಿಕೊಂಡು, ಕೆಟ್ಟ ಜಾಗಗಳನ್ನು ಒಂದು ಮ್ಯಾಪ್ ಫೈಲಿನಲ್ಲಿ ಗುರುತು ಹಾಕಿ, ಕೊನೆಗೆ ಅವನ್ನು ಪ್ರಯತ್ನಿಸುತ್ತೆ. ಒಂದರಲ್ಲಿ ಇಲ್ಲದ ಸೆಕ್ಟರನ್ನು ಇನ್ನೊಂದರಿಂದ ತುಂಬಿದೆ. ಮಿರರ್ ಆದ್ದರಿಂದ ಎರಡರಲ್ಲೂ ಅದೇ ಜಾಗದಲ್ಲಿ ಅದೇ ಡೇಟಾ ಇರಬೇಕು ತಾನೇ.

ತೊಂದರೆ ಉಳಿದಿದ್ದು ಎರಡೂ ಎರರ್ ಇಲ್ಲದೆ ಓದಿಸಿಕೊಂಡು, ಬೇರೆ ಬೇರೆ ಹೇಳಿದ ಜಾಗಗಳಲ್ಲಿ. ಅವು ಕೆಲವು ಹತ್ತು ಫೈಲಿಗೆ ಸೇರಿದ್ದವು. ಚೆಕ್‌ಸಮ್ ಇಲ್ಲ, ಸಾಕ್ಷಿ ಇಲ್ಲ. ಪ್ರತಿ ಫೋಟೋದ ಎರಡೂ ಪ್ರತಿ ಅಕ್ಕಪಕ್ಕ ತೆರೆದು ನಾನೂ ಮಾವನೂ ಕೂತು ನೋಡಿದೆವು. ಅವತ್ತು ನಮ್ಮ ಕಣ್ಣೇ ಚೆಕ್‌ಸಮ್. ಫೋಟೋ ಆಗಿದ್ದಕ್ಕೆ ಕಣ್ಣಿಗೆ ಗೊತ್ತಾಯ್ತು. ಅದೇ ಲೆಕ್ಕದ ಫೈಲೋ, ನಿಮ್ಮ ಪ್ರಾಜೆಕ್ಟಿನ ಸೆನ್ಸರ್ ರೀಡಿಂಗೋ ಆಗಿದ್ದರೆ 47 ಸರಿಯಾ 43 ಸರಿಯಾ ಅಂತ ಯಾವ ಕಣ್ಣು ಹೇಳುತ್ತೆ?

ಅಜ್ಜಿಯ ಫೋಟೋ ಸಿಕ್ಕಿತು. ಸಿಕ್ಕಿದ್ದು ಕೆಂಪು ದೀಪ ಹತ್ತಿತ್ತು ಅಂತ ಕಿತ್ತು ಡ್ರಾಕ್ಕೆ ಹಾಕಿದ್ದ ಡಿಸ್ಕಿನಲ್ಲಿ. ದೀಪ ಹತ್ತದ, ಎಲ್ಲರೂ ನಂಬಿದ್ದ ಡಿಸ್ಕಿನ ಪ್ರತಿಯಲ್ಲೇ ಮುಖ ಇರಲಿಲ್ಲ. ಐದು ಫೋಟೋ ಮಾತ್ರ ಎರಡರಲ್ಲೂ ಹೋಗಿದ್ದವು. ಆ ಮನೆಯವರಿಗೆ ಮಾವ ಫೋನ್ ಮಾಡಿ ಹೇಳಿದರು.

ಈಗ ಸ್ಟುಡಿಯೋದಲ್ಲಿ ಒಂದು ಹಳೇ ಪಿಸಿ ಇದೆ. ಎರಡು ಬೇರೆ ಬೇರೆ ಕಂಪನಿಯ ಹೊಸ ಡಿಸ್ಕ್, ಬೆಣ್ಣೆ ಎಫ್‌ಎಸ್ ಮಿರರ್, ತಿಂಗಳ ಮೊದಲ ಭಾನುವಾರ ಸ್ಕ್ರಬ್. ತಪ್ಪಿನ ಲೆಕ್ಕ ಸೊನ್ನೆ ಬಿಟ್ಟು ಬೇರೆ ಏನು ಬಂದರೂ ನನ್ನ ಮೊಬೈಲಿಗೆ ಮೆಸೇಜ್ ಬರುತ್ತೆ.

ಅಷ್ಟಾದರೂ ಮಿರರ್ ಬ್ಯಾಕಪ್ ಅಲ್ಲ. ತಪ್ಪಿ ಒಂದು ಫೋಲ್ಡರ್ ಡಿಲೀಟ್ ಮಾಡಿದರೆ ಎರಡರಲ್ಲೂ ಅದೇ ಕ್ಷಣ ಡಿಲೀಟ್ ಆಗುತ್ತೆ. ವೈರಸ್ ಬಂದರೆ ಎರಡಕ್ಕೂ. ಸಿಡಿಲು ಬಡಿದರೆ, ಕಳ್ಳ ಪೆಟ್ಟಿಗೆ ಹೊತ್ತೊಯ್ದರೆ, ತುಂಗಭದ್ರೆ ಉಕ್ಕಿ ಅಂಗಡಿಗೆ ನೀರು ನುಗ್ಗಿದರೆ ಎರಡೂ ಒಟ್ಟಿಗೆ ಹೋಗುತ್ತವೆ. ಅದಕ್ಕೆ ಮೂರನೇ ಪ್ರತಿಯೊಂದು ದಾವಣಗೆರೆಯ ನನ್ನ ರೂಮಿನಲ್ಲಿದೆ. ಸುಮಾರು 14 ಕಿಲೋಮೀಟರ್ ದೂರ. ನಾನು ಊರಿಗೆ ಹೋದಾಗಲೆಲ್ಲ ಆ ಡಿಸ್ಕ್ ಬ್ಯಾಗಿನಲ್ಲಿ ಬರುತ್ತೆ, ಹೊಸದನ್ನು ತುಂಬಿಕೊಂಡು ಸೋಮವಾರದ ಬಸ್ಸಿನಲ್ಲಿ ನನ್ನ ಜೊತೆ ವಾಪಸ್ ಹೋಗುತ್ತೆ.

ಈಗ ನಿಮಗೆ ಒಂದು ಪ್ರಶ್ನೆ. ನಿಮ್ಮ ಫೈನಲ್ ಇಯರ್ ಪ್ರಾಜೆಕ್ಟ್ ಎಷ್ಟು ಕಡೆ ಇದೆ? ಆ ಪ್ರತಿಯನ್ನು ಕೊನೆಯ ಸಲ ತೆರೆದು ನೋಡಿದ್ದು ಯಾವಾಗ? ಓದು ಮುಗಿಸಿದ ತಕ್ಷಣ ಒಂದು ಸಲ ತೆರೆದು ನೋಡಿ. ವೈವಾ ಹಿಂದಿನ ರಾತ್ರಿ ನೋಡೋದಕ್ಕಿಂತ ಇವತ್ತು ನೋಡೋದು ಒಳ್ಳೇದು.